ಚನ್ನಬಸವ್ವನ ಎರಡು ಲೋಟ

ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ಲೀಟರಿನ ಬಿಳಿಯ ಕ್ಯಾನು ಮತ್ತು ಅದರ ಅರ್ಧದಷ್ಟೇ ಹಿಡಿಯುವ ಬಾಟಲಿ ಪಕ್ಕಪಕ್ಕ ಕೂತಿದ್ದವು. ಇಳಿಬಿಸಿಲು ಎರಡರೊಳಗಿಂದಲೂ ಒಂದೇ ಬಗೆಯಲ್ಲಿ ಹಾದುಬರುತ್ತಿತ್ತು. ದೊಡ್ಡದು ಪಕ್ಕದ ಮಂಚದ ಚನ್ನಬಸವ್ವನದು, ಚಿಕ್ಕದು ನನ್ನದು.

ಮರುದಿನ ನಮ್ಮಿಬ್ಬರ ಕರುಳಿಗೂ ಕೊಳವೆ ಇಳಿಸಿ ನೋಡುವವರಿದ್ದರು. ಅದಕ್ಕೆ ಮೊದಲು ಈ ಔಷಧದ ನೀರು ಕುಡಿದು ಹೊಟ್ಟೆ ಪೂರ್ತಿ ಸ್ವಚ್ಛವಾಗಬೇಕಿತ್ತು. ನನ್ನ ಅಕ್ಕನ ಹೊಟ್ಟೆ ಹಾಗೆ ಸ್ವಚ್ಛವಾಗಿರಲಿಲ್ಲ. ಏನೂ ಕಾಣಲಿಲ್ಲವೆಂದು ಮನೆಗೆ ಕಳಿಸಿದ್ದರು. ಕಾಣದೆ ಉಳಿದ ಗಂಟು ವರ್ಷದೊಳಗೆ ಅವಳ ಜೀವ ತೆಗೆಯಿತು. ಹಾಗಾಗಿ ನನ್ನ ಬಾಟಲಿಯನ್ನೂ ಚನ್ನಬಸವ್ವನ ಕ್ಯಾನನ್ನೂ ಮತ್ತೆಮತ್ತೆ ಅಳೆದು ನೋಡುತ್ತಿದ್ದೆ.

ನರ್ಸ್ ಮಾರ್ಗರೆಟ್ ಲಕೋಟೆಯೊಂದನ್ನು ಒಡೆದು, ಒಳಗಿನ ಚೀಟಿ ನೋಡಿ ನನಗೆ ಚಿಕ್ಕದನ್ನು ಕೊಟ್ಟಿದ್ದಳು. ಹೋಗುವಾಗ ದನಿ ತಗ್ಗಿಸಿ, "ಯಾವುದು ಕುಡದ್ರಿ ಅಂತ ಡಾಕ್ಟರ್ ಮುಂದ ಮಾತ್ರ ಹೇಳಬ್ಯಾಡ್ರಿ ಅಮ್ಮಾರ," ಎಂದಿದ್ದಳು.

ಡಾಕ್ಟರಿಗೆ ಹೇಳಬಾರದ ಔಷಧ! ನನ್ನ ಪಾಲಿನ ಇನ್ನರ್ಧ ಎಲ್ಲಿ ಹೋಯಿತು? ಆಕೆ ನನ್ನ ದಿಂಬು ಸರಿಪಡಿಸಿದ್ದು, ಪಾಯಿಖಾನೆಗೆ ಹತ್ತಿರದ ಮಂಚವನ್ನೇ ನನಗೆ ಕೊಡಿಸಿದ್ದು, ಎಲ್ಲವೂ ಬಾಯಿ ಮುಚ್ಚಿಸುವ ಉಪಾಯದಂತೆ ತೋರತೊಡಗಿತು.

ಚನ್ನಬಸವ್ವ ಮೂವತ್ತು ವರ್ಷ ಖಾನಾವಳಿ ನಡೆಸಿದವಳು. ಮೊದಲ ಗುಟುಕಿಗೇ ಮುಖ ಕಿವುಚಿ, "ಹಿಂಥಾ ಶರಬತ್ ಕೊಟ್ಟಿದ್ರ ಗಿರಾಕಿಗೋಳು ಲೋಟ ಒಗದು ಹೋಗ್ತಿದ್ರು," ಎಂದಳು. ನಾನು ಮೆಲ್ಲಗೆ ನನ್ನ ಅನುಮಾನ ಹೇಳಿದೆ.

"ಅಷ್ಟ ಏನ್ರಿ ಅಕ್ಕಾರ? ತರ್ರಿ ಲೋಟ. ಎದುರಿಗೆ ಕುಂತವರಿಗೆ ಬಡಸದ ನಾ ಎಂದೂ ಉಂಡಾಕಿ ಅಲ್ಲ."

ತನ್ನ ಕ್ಯಾನಿನಿಂದ ಎರಡು ದೊಡ್ಡ ಲೋಟ ತುಂಬಿ ಕೊಟ್ಟಳು. ನನ್ನ ಬಾಟಲಿಯ ಜೊತೆಗೆ ಅದನ್ನೂ ಮೂಗು ಹಿಡಿದುಕೊಂಡು ಕುಡಿದೆ. ಆಮೇಲೆ ಇಬ್ಬರೂ ಸರದಿಯಂತೆ ಓಡಾಡಿದೆವು.

ಮರುದಿನ ತಪಾಸಣೆ ಮುಗಿದ ಮೇಲೆ ಡಾಕ್ಟರು ನಮ್ಮ ಮಂಚಗಳ ಬಳಿ ಬಂದರು. "ಅಮ್ಮಾರ, ನಿಮ್ಮದು ಕನ್ನಡಿ ಹಂಗಿತ್ತು. ಸಣ್ಣ ಗಂಟೊಂದು ಸಿಕ್ತು, ತಗದೀವಿ. ಹೆದರಿಕಿ ಇಲ್ಲ." ಚನ್ನಬಸವ್ವನ ಕಡೆ ತಿರುಗಿ, "ನಿಮ್ಮದು ಒಂದು ಕಡೆ ಮಬ್ಬಿತ್ತು ನೋಡ್ರಿ. ತೊಳದು ತೊಳದು ನೋಡಬೇಕಾತು. ಏನೂ ಇಲ್ಲ, ಆರಾಮದೀರಿ," ಎಂದರು.

ಅವರು ಹೋದೊಡನೆ ಮಾರ್ಗರೆಟ್‌ಳನ್ನು ತಡೆದು ನಿಲ್ಲಿಸಿದೆ. "ನನ್ನ ಇನ್ನರ್ಧ ಔಷಧ ಎಲ್ಲಿ ಹೋತವ್ವಾ?"

ಆಕೆ ಕಣ್ಣರಳಿಸಿದಳು. "ಎಲ್ಲೂ ಹೋಗಿಲ್ರಿ! ನಿಮ್ಮದು ಇರೋದ ಅಷ್ಟು. ಎರಡರಾಗ ಯಾವುದು ಚಲೋ ಅಂತ ತಾಳೆ ಹಾಕಿ ನೋಡಾಕತ್ತೀವಿ. ಯಾರಿಗೆ ಯಾವುದು ಅನ್ನೋದು ಲಕೋಟಿಯೊಳಗಿನ ಚೀಟಿ ಹೇಳತೈತಿ, ನಾವು ಆರಿಸೋದಲ್ಲ. ಡಾಕ್ಟರಿಗೆ ಮೊದಲ ಗೊತ್ತಾದ್ರ, ನೋಡೋ ಕಣ್ಣು ಒಂದು ಕಡೆ ವಾಲತೈತಲ್ರಿ? ನೀವು ಸಹಿ ಹಾಕಿದ ಕಾಗದದಾಗ ಎಲ್ಲಾ ಬರದೈತಿ."

ಬಿ.ಎ. ಓದಿದ ನಾನು ಆ ಕಾಗದವನ್ನು ಓದದೆ ಸಹಿ ಹಾಕಿದ್ದೆ.

"ಅರ್ಧ ಸಾಕು ಅಂತಾದ್ರ ನಿಮ್ಮಂಥ ವಯಸ್ಸಾದವರಿಗೆ ನಾಕು ಲೀಟರ್ ಕುಡಿಯೋ ತ್ರಾಸು ತಪ್ಪತೈತಿ," ಎನ್ನುತ್ತ ಮಾರ್ಗರೆಟ್ ಸಂತೋಷದಿಂದ ಕಡತ ತೆರೆದಳು. ಚಿಕ್ಕ ಬಾಟಲಿ ಕನ್ನಡಿ, ದೊಡ್ಡ ಕ್ಯಾನು ಮಬ್ಬು ಎಂದು ಬರೆಯಲಿದ್ದಳು. ನಾನು ಸುಮ್ಮನಿದ್ದರೆ ಆ ಸುಳ್ಳನ್ನು ನಂಬಿ ಇನ್ನೆಷ್ಟೋ ಹೆಂಗಸರು ಅರ್ಧವನ್ನೇ ಕುಡಿಯುತ್ತಿದ್ದರು. ಅವರಲ್ಲಿ ಯಾರಾದರೊಬ್ಬಳ ಗಂಟು ಕಾಣದೆ ಉಳಿದರೆ?

"ಬರೀಬ್ಯಾಡ," ಎಂದೆ. "ಈಕೀ ಕ್ಯಾನಿನಾಗಿಂದ ಎರಡು ಲೋಟ ನಾ ಕುಡದೀನಿ."

ಮಾರ್ಗರೆಟ್ ನಮ್ಮಿಬ್ಬರನ್ನೂ ದಿಟ್ಟಿಸಿದಳು.

"ಮತ್ತ ಒಬ್ಬಾಕೀನ ಹೆಂಗ ಕುಡೀಲಿ ಸಿಸ್ಟರ್?" ಎಂದಳು ಚನ್ನಬಸವ್ವ.

ಮಾರ್ಗರೆಟ್ ನಮ್ಮ ಎರಡೂ ಹೆಸರುಗಳ ಮೇಲೆ ಗೆರೆ ಎಳೆದು ಹೊರಗೆ ಹೋದಳು. ಮುನಿಸಿಕೊಂಡಳೆಂದೇ ತಿಳಿದೆ. ತುಸು ಹೊತ್ತಿಗೆ ಎರಡು ಗಾಜಿನ ಲೋಟಗಳಲ್ಲಿ ಚಹಾ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಬಿಸಿಲು ಎರಡರೊಳಗಿಂದಲೂ ಕೆಂಪಗೆ ಹಾದುಬರುತ್ತಿತ್ತು. ಚನ್ನಬಸವ್ವ ಬಗ್ಗಿ ಅಳತೆ ನೋಡಿದಳು. ಕೂದಲೆಳೆಯಷ್ಟು ಹೆಚ್ಚಿದ್ದ ಲೋಟವನ್ನು ನನ್ನತ್ತ ಸರಿಸಿದಳು.