ದಾನ್ ಊರಿನ ನೆಲದಡಿ

ದಾನ್ ಎಂಬ ಊರು ಇನ್ನೂ ಹುಟ್ಟಿರದ ಕಾಲವದು. ಹೆರ್ಮೋನ್ ಬೆಟ್ಟದ ಹಿಮ ಕರಗಿ, ನೆಲದೊಳಗೆ ಇಳಿದು, ಮತ್ತೆ ಬುಗ್ಗೆಯಾಗಿ ಉಕ್ಕುವ ಕಡೆ ಲಯಿಷ್ ಅಂತ ಒಂದು ಊರಿತ್ತು. ಅಲ್ಲಿಯ ಜನಕ್ಕೆ ಜಗಳವೆಂದರೆ ಗೊತ್ತಿರಲಿಲ್ಲ, ಬಾಗಿಲಿಗೆ ಅಗುಳಿ ಹಾಕುವ ಅಭ್ಯಾಸವೂ ಇರಲಿಲ್ಲ. ಸತ್ತವರನ್ನು ಕೂಡ ಅವರು ಹೊರಗೆ ಕಳಿಸುತ್ತಿರಲಿಲ್ಲ. ಗುಡಾಣವೆಂಬ ದೊಡ್ಡ ಮಣ್ಣಿನ ಪಾತ್ರೆಯೊಳಗೆ ಮಲಗಿಸಿ ಮನೆಯ ನೆಲದಡಿಯಲ್ಲೇ ಹುಗಿಯುತ್ತಿದ್ದರು. ಗೋಡೆ ಯಾರೇ ಎಬ್ಬಿಸಲಿ, ಯಾರ ಹಿರಿಯರು ಕೆಳಗೆ ಮಲಗಿದ್ದಾರೋ ಮನೆ ಅವರದು.

ಒಂದು ಬೆಳಿಗ್ಗೆ ದಕ್ಷಿಣದ ಒಣಗುಡ್ಡಗಳಿಂದ ದಾನ್ ಕುಲದ ಆರುನೂರು ಜನ ಕತ್ತಿ ಕಟ್ಟಿಕೊಂಡು ಬಂದರು. ಮಧ್ಯಾಹ್ನಕ್ಕೆ ಲಯಿಷ್ ಉರಿದು ಬೂದಿಯಾಗಿತ್ತು.

ಕುಂಬಾರರ ಮಗಳು ತಲ್ಲಾಯಿ ಆಗ ಹೊಳೆಯಾಚೆ ಜೇಡಿಮಣ್ಣು ಅಗೆಯುತ್ತಿದ್ದಳು. ಹೊಗೆ ಕಂಡು ಓಡಿಬಂದರೆ ಅಪ್ಪ, ಅಣ್ಣ ಇಬ್ಬರೂ ಅಂಗಳದಲ್ಲಿ ಬಿದ್ದಿದ್ದರು. ಇನ್ನೂ ಜೀವ ಹಿಡಿದಿದ್ದ ಅವ್ವನನ್ನು ಜೊಂಡಿನೊಳಗೆ ಎಳೆದು ತಂದಳು.

"ನಮ್ಮನ್ನ ಬಯಲಲ್ಲಿ ಬಿಡಬೇಡ ಕಣೇ," ಅಂದಳು ಅವ್ವ. "ನಮ್ಮ ಮನೇಲೇ ಮಲಗಿಸು. ಮೇಲೆ ಯಾರೇ ಇರ್ಲಿ, ಕೆಳಗೆ ನಾವಿರ್ಬೇಕು."

"ಮಲಗಿಸ್ತೀನವ್ವ. ಮೂವರನ್ನೂ."

"ಬೆಂಕಿ ಇಟ್ಟೋನಿಗೆ ಕೆಂಪು ಗಡ್ಡ. ಮರೀಬೇಡ."

ಅವ್ವನ ಮಾತು ಅಲ್ಲಿಗೆ ನಿಂತುಹೋಯಿತು.

ಬಂದವರಿಗೆ ಹೆಣವೆಂದರೆ ಮೈಲಿಗೆ. ಮುಟ್ಟಿದವನು ಏಳು ದಿನ ಹೊರಗೆ ಕೂರಬೇಕು. ಕೊಲ್ಲಲು ಹೇಸದ ಕೈಗಳು ಎತ್ತಲು ಹೇಸಿದವು. ಹಾಗಾಗಿ ಸಿಕ್ಕಿಬಿದ್ದ ತಲ್ಲಾಯಿಯನ್ನು ಕೊಲ್ಲದೆ ಆ ಕೆಲಸಕ್ಕೆ ಹಚ್ಚಿದರು. ಊರಿನ ಹೆಣಗಳನ್ನೆಲ್ಲ ಅವಳು ಕೊರಕಲಿಗೆ ಎಳೆದು ಹಾಕಿದಳು, ಮೂರನ್ನು ಬಿಟ್ಟು. ಆ ಮೂರನ್ನು ತನ್ನ ಜೇಡಿಮಣ್ಣಿನ ಗುಂಡಿಯಲ್ಲಿ ಮುಚ್ಚಿಟ್ಟಳು. ಅತ್ತ ಯಾರೂ ಸುಳಿಯಲಿಲ್ಲ. ಸುಳಿಯುವಷ್ಟು ಧೈರ್ಯ ಆ ಆರುನೂರು ಕತ್ತಿಗಳಿಗೆ ಇರಲಿಲ್ಲ.

ಎರಡು ವರ್ಷ ಅವಳು ಅವರಿಗೇ ಮಡಕೆ ಮಾಡಿಕೊಟ್ಟಳು. ತಿಗರಿ ತಿರುಗುವಾಗಲೆಲ್ಲ ಕೆಂಪು ಗಡ್ಡವೊಂದು ಕಣ್ಣ ಮುಂದೆ ಸುತ್ತುತ್ತಿತ್ತು. ಡೇರೆಗಳು ಹೋಗಿ ಗೋಡೆಗಳು ಎದ್ದವು. ಆ ಗಡ್ಡದವನು ಯೊಗ್ಲಿ. ಈಗ ಅವನೇ ಯಜಮಾನ. ಬುಗ್ಗೆಗೆ ಹತ್ತಿರದ, ಎಲ್ಲಕ್ಕಿಂತ ಒಳ್ಳೆಯ ಜಾಗವನ್ನೇ ತನ್ನ ಮನೆಗೆ ಆರಿಸಿಕೊಂಡ. ಅದು ತಲ್ಲಾಯಿ ಹುಟ್ಟಿದ ಮನೆಯ ಜಾಗ. ಧಾನ್ಯ ತುಂಬಲು ಮೂರು ಗುಡಾಣ ನೆಲದಲ್ಲಿ ಹೂಳಿಕೊಡು ಎಂದು ಅವಳನ್ನೇ ಕರೆಸಿದ.

ತಲ್ಲಾಯಿ ಜೇಡಿಮಣ್ಣಿನ ಗುಂಡಿಯಿಂದ ಮೂವರ ಮೂಳೆಗಳನ್ನೂ ತೆಗೆದು, ಬೇರೆ ಮೂರು ಗುಡಾಣಗಳಲ್ಲಿ ತುಂಬಿ ಬಾಯಿ ಮೆತ್ತಿಟ್ಟಿದ್ದಳು. ಎರಡು ಹಿಂದಿನ ದಿನವೇ, ಯೊಗ್ಲಿ ಇಲ್ಲದಾಗ, ಮುಗಿದಿದ್ದವು. ಒಂದರ ಅಡಿ ಅಪ್ಪ, ಇನ್ನೊಂದರ ಅಡಿ ಅಣ್ಣ. ಇವತ್ತು ಉಳಿದದ್ದು ಅವ್ವ.

"ಲೇ ಕುಂಬಾರ್ತಿ," ಅಂದ ಯೊಗ್ಲಿ, ಗುಂಡಿಯ ಅಂಚಿನಲ್ಲಿ ನಿಂತು. "ಧಾನ್ಯದ ಗುಡಾಣದಡಿ ಇನ್ನೊಂದು ಗುಡಾಣ ಯಾಕೇ? ನಿಮ್ಮೂರಲ್ಲಿ ಗುಡಾಣಕ್ಕೂ ಮದುವೆ ಮಾಡ್ತಿದ್ರಾ?"

"ಇದು ಬುಗ್ಗೆ ನೆಲ, ಯಜಮಾನ್ರೇ. ಒಣಗುಡ್ಡದೋರಿಗೆ ಹೇಗೆ ಗೊತ್ತಾಗ್ಬೇಕು? ಕೆಳಗೆ ಬಾಯಿ ಮುಚ್ಚಿದ್ದೊಂದು ಇಡ್ದಿದ್ರೆ ಥಂಡಿ ಏರಿ ಜವೆಗೋಧಿ ಎಲ್ಲಾ ಮೊಳಕೆ ಬರುತ್ತೆ. ಆಮೇಲೆ ಅಮ್ಮಾವ್ರು ಮನೆಯೊಳಗೇ ಕುಯ್ಲು ಮಾಡ್ಬೇಕಾಗುತ್ತೆ."

ಯೊಗ್ಲಿಯ ಹೆಂಡತಿ ಹೆಲಾ ಕಿಸಕ್ಕನೆ ನಕ್ಕಳು. "ಬಿಡ್ರೀ, ಅವಳ ಕಸುಬು ಅವಳಿಗೆ ಗೊತ್ತು. ನಿಮ್ದು ಬರೀ ಕತ್ತಿ ಬೀಸೋ ಕೈ."

"ನಿಮ್ಮೂರು ಅಂತ ನಾನು ಅನ್ಬಾರ್ದಾಗಿತ್ತು," ಅಂದ ಯೊಗ್ಲಿ. "ಅದೆಲ್ಲಿದೆ ಈಗ? ಇದು ದಾನ್. ಇನ್ನು ಹತ್ತು ವರ್ಷಕ್ಕೆ ಲಯಿಷ್ ಅಂದ್ರೆ ಅದ್ಯಾವ್ದು ಅಂತ ಕೇಳ್ತಾವೆ ಮಕ್ಳು."

ತಲ್ಲಾಯಿ ಬಗ್ಗಿದಳು. ಬಾಯಿ ಮೆತ್ತಿದ ಗುಡಾಣವನ್ನು ತಬ್ಬಿ ಎತ್ತಿದಳು. ಒಳಗೆ ಏನೋ ಜಾರಿ, ಮಣ್ಣಿನ ಮೈಗೆ ತಗುಲಿ ಗಲಗಲ ಅಂತು.

ಯೊಗ್ಲಿಯ ಹುಬ್ಬು ಗಂಟಾಯಿತು. "ಏನೇ ಅದು?"

"ಇದ್ದಲು, ಬೂದಿ. ಥಂಡಿ ಹೀರೋಕೆ."

"ಇದ್ದಲು ಹೀಗೆ ಸದ್ದು ಮಾಡಲ್ಲ. ಇಳಿಸು, ಒಡೀತೀನಿ."

ಅವನ ಕೈ ಗುಡಾಣದ ಕೊರಳಿಗೇ ಬಂತು. ತಲ್ಲಾಯಿ ಅದನ್ನು ಇನ್ನೂ ಬಿಗಿಯಾಗಿ ತಬ್ಬಿದಳು. ಇಷ್ಟು ದೂರ ಬಂದು, ಮನೆಯ ಹೊಸ್ತಿಲೊಳಗೆ ಬಂದು, ಅವ್ವ ಮತ್ತೆ ಬಯಲಿಗೆ ಬೀಳುವುದೇ? ಭಯ ಬರಬೇಕಾದ ಜಾಗದಲ್ಲಿ ಅವಳಿಗೆ ಸಿಟ್ಟು ಬಂತು.

"ಒಡೀರಿ," ಅಂದಳು. "ಬೂದಿ ಎಲ್ಲಿಂದ ತಂದೆ ಅಂತ ಕೇಳ್ಲೇ ಇಲ್ವಲ್ಲ? ನೀವು ಸುಟ್ಟ ಊರಿಂದ. ಮನೆ ಬೂದಿ ಯಾವ್ದು, ಮನುಷ್ಯರ ಬೂದಿ ಯಾವ್ದು ಅಂತ ನಾನು ಜರಡಿ ಹಿಡೀಲಿಲ್ಲ. ಕೈ ಹಾಕಿ ನೋಡಿ. ಏಳು ದಿನ ಹೊರಗೆ ಕೂತ್ರಾಯ್ತು. ನಾಳೆ ಊರ ಪೂಜೆಗೆ ನಿಮ್ ಬದ್ಲು ನಿಮ್ ತಮ್ಮನೋರು ಮುಂದೆ ನಿಲ್ತಾರೆ. ಅವ್ರಿಗೂ ಯಜಮಾನಿಕೆ ಆಸೆ ಇದೆ, ಪಾಪ."

ಯೊಗ್ಲಿ ಕೈ ಎಳೆದುಕೊಂಡ. ಅಂಗಿಗೆ ಒರೆಸಿಕೊಂಡ, ಇನ್ನೊಮ್ಮೆ ಒರೆಸಿಕೊಂಡ. "ಅಂಥದ್ದನ್ನ ನನ್ನ ಮನೇಲಿ ಇಡ್ತೀಯೇನೇ?"

"ಊರಿಗೆ ಊರನ್ನೇ ಆ ಬೂದಿ ಮೇಲೆ ಕಟ್ಟಿದೀರಿ. ಈ ಒಂದು ಗುಡಾಣಕ್ಕೆ ಹೇಸ್ತೀರಾ?"

ಹೆಲಾಳ ನಗು ಅಲ್ಲೇ ಇಂಗಿಹೋಯಿತು. ಕಾಲಡಿಯ ನೆಲವನ್ನು ಆಗಷ್ಟೇ ಕಂಡವಳಂತೆ ನೋಡಿದಳು. "ಮುಚ್ಚಿಸ್ರೀ ಬೇಗ," ಅಂದಳು ಗಂಡನಿಗೆ. "ಒಡೆದು ಮನೆ ತುಂಬಾ ಹಾರಿಸ್ಬೇಡಿ."

ತಲ್ಲಾಯಿ ಗುಂಡಿಗಿಳಿದು ಅವ್ವನನ್ನು ಮೆಲ್ಲನೆ ಇಟ್ಟಳು, ಮಗುವನ್ನು ತೊಟ್ಟಿಲಿಗೆ ಇಡುವ ಹಾಗೆ. ಅದರ ಮೇಲೆ ಧಾನ್ಯದ ಗುಡಾಣ ಕೂರಿಸಿ, ಸುತ್ತ ಮಣ್ಣು ಎಳೆದಳು. ಇನ್ನು ತುಳಿಯುವುದಷ್ಟೇ ಬಾಕಿ. ಅವಳ ಊರಿನ ಕಟ್ಟಳೆಯಂತೆ, ಹುಗಿದ ಮೇಲೆ ಮೊದಲು ಯಾರ ಕಾಲು ಆ ಮಣ್ಣು ತುಳಿಯುತ್ತದೋ, ಅವನು ಕೆಳಗಿನವರ ಆಳು, ಸಾಯುವ ತನಕ ಅವರನ್ನು ಕಾಯಬೇಕು. ಲಯಿಷಿನಲ್ಲಿ ಹೆತ್ತ ಮಗನಲ್ಲದೆ ಬೇರೆ ಯಾರೂ ಆ ಹೊರೆ ಹೊರುತ್ತಿರಲಿಲ್ಲ.

"ನನ್ನ ಕಾಲಲ್ಲಿ ಬಲ ಸಾಲ್ದು, ಯಜಮಾನ್ರೇ," ಅಂದಳು. "ಗಂಡಸ್ರು ತುಳಿದ್ರೆ ಗಟ್ಟಿಯಾಗುತ್ತೆ."

ಯೊಗ್ಲಿ ಗೊಣಗುತ್ತ ಕೆರ ಬಿಚ್ಚಿದ. ತುಳಿದ. ಕೆಂಪು ಗಡ್ಡದಿಂದ ಬೆವರು ತೊಟ್ಟಿಕ್ಕಿ ಮಣ್ಣಿಗೆ ಬಿತ್ತು. ಬೇಗ ಮುಗಿಯಲೆಂದು ಇನ್ನೂ ಜೋರಾಗಿ ತುಳಿದ.

"ಸಾಕೇನೇ?"

"ಬಾಗಿಲ ಕಡೆ ಇನ್ನೂ ಮೆತ್ತಗಿದೆ."

ಅಲ್ಲೂ ತುಳಿದ. ಏದುಸಿರು ಬಿಡುತ್ತ, ಗೋಡೆಗೆ ಕೈ ಊರಿ, ಒಂದು ಅಂಗುಲವೂ ಬಿಡದೆ ತುಳಿದ. ತಲ್ಲಾಯಿ ಬಗ್ಗಿ ಅಂಗೈಯಿಂದ ನೆಲ ಒತ್ತಿ ನೋಡಿದಳು. ಕಲ್ಲಿನಂತಿತ್ತು.

"ಆಯ್ತು," ಅಂದಳು.