ಮಾತ್ರೆ ಇಲ್ಲದ ಆರು ಜನ

ಪಂಕಜಾಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಸುತ್ತಿ ಬಳಸಿ ಹೇಳುವುದೇಕೆ? ೧೯೬೬ರಲ್ಲಿ ಜಯನಗರದ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಂಶೋಧನೆ ಮಾಡುತ್ತಿದ್ದವರು ನಾವಿಬ್ಬರೇ. ನಾಲ್ಕು ವರ್ಷದಿಂದ ನಾನು ಮೊಳಕೆ ರಾಗಿಯ ಜೀವಸತ್ವ ಅಳೆಯುತ್ತಿದ್ದೆ. ನಿನ್ನೆ ಮೊನ್ನೆ ಬಂದ ಅವಳು, ರಕ್ತದ ಕೆಂಪು ಕಣಗಳು ಸ್ಟೀರಾಯ್ಡ್ ಹಾರ್ಮೋನಿನ ರೂಪ ಬದಲಿಸುತ್ತವಲ್ಲ, ಸಿ ವಿಟಮಿನ್ ತಿಂದವರಲ್ಲಿ ಆ ಕೆಲಸದ ವೇಗ ಬೇರೆಯಾಗುತ್ತದೆಯೇ ಎಂದು ಕೇಳಿದಳು. ಪ್ರೊಫೆಸರ್ ಬದರಿನಾಥರ ಕಣ್ಣು ಅರಳಿತು. ನನ್ನ ರಾಗಿಗೆ ಆ ಕಣ್ಣು ಒಂದು ದಿನವೂ ಅರಳಿರಲಿಲ್ಲ.

ಜನವರಿಯ ದೆಹಲಿ ಸಮ್ಮೇಳನಕ್ಕೆ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಮೊದಲ ಪರೀಕ್ಷೆಯಲ್ಲಿ ಅವಳಿಗೆ ವ್ಯತ್ಯಾಸ ಚೆನ್ನಾಗಿಯೇ ಕಂಡಿತ್ತು. "ಇನ್ನೊಂದ್ಸಲ ಮಾಡಮ್ಮ. ಹಾಗೇ ಬಂದ್ರೆ ನೀನೇ ಹೊರಡು" ಎಂದರು ಪ್ರೊಫೆಸರ್.

ಈ ಎರಡನೆಯ ಪರೀಕ್ಷೆಗೆ ರಕ್ತ ಕೊಡಲು ತ್ಯಾಗರಾಜನಗರದ ನಮ್ಮ ಬೀದಿಯ ಹನ್ನೆರಡು ಹೆಂಗಸರನ್ನು ಒಪ್ಪಿಸಿದ್ದು ನಾನೇ. ಆರು ಜನಕ್ಕೆ ಹದಿನೈದು ದಿನ ಸಿ ವಿಟಮಿನ್ ಮಾತ್ರೆ, ಉಳಿದ ಆರು ಜನಕ್ಕೆ ಏನೂ ಇಲ್ಲ. ಮಾತ್ರೆ ಇಲ್ಲದವರಿಗೆ ಪಂಕಜಾ, "ನಿಂಬೆಹಣ್ಣು, ಕಿತ್ತಳೆ ಮುಟ್ಬೇಡಿ" ಎಂದು ಹೇಳಿಹೋದಳು.

ಅದು ಕಾರ್ತಿಕ ಮಾಸ. ಆ ಹದಿನೈದು ದಿನದ ನಡುವೆ ಬಂದ ಭಾನುವಾರ ಬೀದಿಯವರೆಲ್ಲ ಬನಶಂಕರಿಯ ಆಚೆ ನೆಲ್ಲಿಮರದ ಕೆಳಗೆ ವನಭೋಜನಕ್ಕೆ ಹೋದೆವು. ಮಾತ್ರೆ ಇಲ್ಲದ ಗುಂಪಿನ ಲಕ್ಷ್ಮಿದೇವಮ್ಮ ಡಬರಿಯ ಮುಚ್ಚಳ ತೆಗೆದು, "ಪಂಕಜಮ್ಮ ನಿಂಬೆಹಣ್ಣು ಬೇಡ ಅಂದ್ರಲ್ಲ, ಅದಕ್ಕೇ ನೆಲ್ಲಿಕಾಯಿ ತುರಿದು ಚಿತ್ರಾನ್ನ ಕಲಸಿದೀನಿ. ಸರಿ ತಾನೆ ಮಂಗಳಾ?" ಎಂದರು.

ನೆಲ್ಲಿಕಾಯಿಯಲ್ಲಿ ನಿಂಬೆಗಿಂತ ಎಷ್ಟೋ ಪಾಲು ಹೆಚ್ಚು ಸಿ ವಿಟಮಿನ್ ಇದೆ. ಅದು ನನಗೆ ನಿದ್ದೆಯಲ್ಲೂ ಗೊತ್ತು. "ಸರಿ ಅಕ್ಕ" ಎಂದೆ. ಆರೂ ಜನಕ್ಕೆ ನಾನೇ ಬಡಿಸಿದೆ. ಮಿಕ್ಕ ಕಾಯಿಗಳನ್ನು ಮನೆಗೆ ಒಯ್ದು ವಾರವೆಲ್ಲ ಚಟ್ನಿ ಅರೆದರು.

ರಕ್ತ ತೆಗೆದು, ಕೆಂಪು ಕಣ ಬೇರ್ಪಡಿಸಿ, ಹಾರ್ಮೋನು ಬೆರೆಸಿ, ಎರಡು ತಾಸು ಬೆಚ್ಚಗಿಟ್ಟು, ಕಾಗದದ ಮೇಲೆ ಹರಿಸಿ ನೋಡಿದರೆ ಎರಡು ಗುಂಪಿನ ಕಲೆಗಳೂ ಒಂದೇ ಸಮ, ವ್ಯತ್ಯಾಸವೇ ಇಲ್ಲ. ಪಂಕಜಾಳ ಮುಖ ಬಿಳಿಚಿಕೊಂಡಿತು. ನನಗೆ ಹಾಲು ಕುಡಿದಷ್ಟು ಸಂತೋಷ.

ಅವಳು ಸುಮ್ಮನೆ ಕೂರಲಿಲ್ಲ. ಆರೂ ಮನೆಗಳಿಗೆ ಹೋಗಿ ಏನೇನು ತಿಂದಿರೆಂದು ವಿಚಾರಿಸಿಕೊಂಡು ಬಂದಳು. ಮರುದಿನ ಪ್ರೊಫೆಸರರ ಮುಂದೆ ಇಬ್ಬರೂ ನಿಂತೆವು.

"ನೆಲ್ಲಿಕಾಯಿ ತಿಂದಿದಾರೆ ಸಾರ್" ಎಂದಳು ಪಂಕಜಾ.

"ತಿನ್ಬಾರ್ದು ಅಂತ ಯಾರೂ ಹೇಳ್ಲಿಲ್ವೇನಮ್ಮ?"

ಅವಳು ನನ್ನ ಕಡೆ ನೋಡಿದಳು. ಲಕ್ಷ್ಮಿದೇವಮ್ಮ ಎಲ್ಲವನ್ನೂ ಹೇಳಿದ್ದಾರೆಂದು ಆ ನೋಟದಲ್ಲೇ ತಿಳಿಯಿತು.

"ಹೇಳ್ಬೇಕಾಗಿದ್ದೋಳು ನಾನು ಸಾರ್. ತಪ್ಪು ನಂದೇ" ಎಂದಳು ಪಂಕಜಾ, ಪ್ರೊಫೆಸರರತ್ತ ತಿರುಗಿ.

"ಮತ್ತೆ ಮಾಡೋಕೆ ಟೈಮಿಲ್ಲ. ಈ ಸಲ ಸರ್ವಮಂಗಳಾ ಹೋಗ್ಲಿ" ಎಂದರು ಪ್ರೊಫೆಸರ್. ತಪ್ಪು ಹೊತ್ತುಕೊಳ್ಳುವುದರಲ್ಲೂ ಇವಳೇ ಮುಂದೆ ಎಂದು ಮೈಯೆಲ್ಲ ಉರಿದುಹೋಯಿತು.

ದೆಹಲಿಯಲ್ಲಿ ರಾಗಿಯ ಬಗ್ಗೆ ಹದಿನೈದು ನಿಮಿಷ ಓದಿದೆ. ನಾಲ್ಕು ಜನ ಚಪ್ಪಾಳೆ ತಟ್ಟಿದರು. ಊಟದ ಹೊತ್ತಿಗೆ ಹಿರಿಯ ವಿಜ್ಞಾನಿಯೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಂತೆ. ಬದರಿನಾಥರು ಕಾಗದದಲ್ಲಿ ಬರೆದಿದ್ದರಲ್ಲ, ನಿಮ್ಮ ಲ್ಯಾಬಿನಲ್ಲಿ ಕೆಂಪು ಕಣಗಳ ಮೇಲೆ ಕೆಲಸ ಮಾಡುವ ಹುಡುಗಿ ಬಂದಿಲ್ಲವೇ, ಅವಳನ್ನು ನೋಡಬೇಕಿತ್ತು ಎಂದರು.

"ಅವಳ ಪರೀಕ್ಷೆ ಕೆಟ್ಟುಹೋಯಿತು. ಹುಡುಗಿಗೆ ಎಚ್ಚರಿಕೆ ಸಾಲದು" ಎಂದುಬಿಟ್ಟೆ.