ರಜಾಯಿ ಹೊದ್ದ ಅನ್ನದ ಪಾತ್ರೆ

ಪುಟ್ಟಿ ಮತ್ತೆ ವಾಂತಿ ಮಾಡಿಕೊಂಡಳು. ಈ ತಿಂಗಳಲ್ಲಿ ಇದು ಮೂರನೇ ಸಲ.

ಅಜ್ಜಿ ಮೊಮ್ಮಗಳ ಬೆನ್ನು ನೀವುತ್ತಾ ಕೂತರು. ನಾಲ್ಕು ವರ್ಷದ ಮಗುವಿನ ಬೆನ್ನಿನ ಮೂಳೆಗಳು ಒಂದೊಂದಾಗಿ ಕೈಗೆ ಸಿಗುತ್ತಿದ್ದವು. ಹೋದ ಸಲ ಆಸ್ಪತ್ರೆಯಲ್ಲಿ ಇಡೀ ಹಗಲು ಮಲಗಿಸಿ ಗ್ಲೂಕೋಸ್ ಹಾಕಿದ್ದರು. ಮಗು ಇನ್ನೂ ಆ ಸುಸ್ತಿನಿಂದ ಸುಧಾರಿಸಿಕೊಂಡಿರಲಿಲ್ಲ.

ಸೊಸೆ ನೆಲ ಒರೆಸಿ, ಬಟ್ಟೆ ಹಿಂಡಿ ಬಂದು ಬಾಗಿಲಲ್ಲಿ ನಿಂತಳು.

"ಅತ್ತೆ, ತಪ್ಪು ತಿಳ್ಕೋಬೇಡಿ. ಇವಳನ್ನ ಒಂದೆರಡು ತಿಂಗಳು ನಮ್ಮಮ್ಮನ ಮನೇಲಿ ಬಿಟ್ಟು ಬರ್ತೀನಿ. ಇಲ್ಲಿ ಇವಳ ಹೊಟ್ಟೆಗೆ ಏನೋ ಹಿಡಿಸ್ತಿಲ್ಲ."

"ಏನೋ ಅಂದ್ರೆ? ನಾನು ಹಾಕೋ ಊಟ ಅಂತ ನೇರವಾಗಿ ಹೇಳು."

"ನಾನು ಹಾಗಂದ್ನಾ?"

"ಬಾಯಲ್ಲಿ ಅನ್ನಲಿಲ್ಲ, ಅಷ್ಟೇ."

ಸೊಸೆ ಬಟ್ಟೆ ಒಣಹಾಕಲು ಹೊರಟಳು. ಪುಟ್ಟಿ ಇಲ್ಲದ ಮನೆ ಹೇಗಿರುತ್ತದೆ ಎಂದು ನೆನೆದೇ ಅಜ್ಜಿಯ ಎದೆ ಭಾರವಾಯಿತು.

ಅಜ್ಜಿಯ ಕಸುಬು ರಜಾಯಿ ಹೊಲಿಯುವುದು. ಹತ್ತಿ ಹರಡಿ, ಬಟ್ಟೆ ಹೊದಿಸಿ, ಹೊಲಿಯಲು ಕೂತರೆ ಸಂಜೆತನಕ ಎದ್ದೇಳುವುದಿಲ್ಲ. ಸೊಸೆ ನೂಲಿನ ಕಾರ್ಖಾನೆಗೆ ಹೋಗುತ್ತಾಳೆ. ಲಾರಿ ಓಡಿಸುವ ಮಗ ವಾರಕ್ಕೊಮ್ಮೆ ಮನೆ ಸೇರಿದರೆ ಹೆಚ್ಚು. ಹಾಗಾಗಿ ಅಡುಗೆ ಅಜ್ಜಿಯದೇ. ಕೆಲಸದ ಅವಸರ ಇದ್ದ ದಿನ ಅವರು ಬೆಳಿಗ್ಗೆ ಎಂಟಕ್ಕೇ ಎರಡು ಹೊತ್ತಿನ ಅನ್ನ ಮಾಡಿ, ಪಾತ್ರೆಗೆ ಒಂದು ಪುಟ್ಟ ರಜಾಯಿ ಸುತ್ತಿ ಮೂಲೆಯಲ್ಲಿಡುತ್ತಿದ್ದರು. ಅದು ಪಾತ್ರೆಯ ಅಳತೆಗೆಂದೇ ಹೊಲಿದದ್ದು. ಸಂಜೆ ಬಿಚ್ಚಿದಾಗಲೂ ಅನ್ನ ಬೆಚ್ಚಗಿರುತ್ತಿತ್ತು. ಅಕ್ಕಪಕ್ಕದವರನ್ನು ಕರೆದು ತೋರಿಸುವಷ್ಟು ಹೆಮ್ಮೆ ಅವರಿಗೆ.

ಮರುದಿನ ಬೆಳಿಗ್ಗೆ ಅಜ್ಜಿಯ ಮಗಳು ಬಂದಳು. ಅವಳು ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿನ ಕತ್ತರಿ, ಚಾಕು, ಬಟ್ಟೆಗಳನ್ನು ಹಬೆಯ ಯಂತ್ರದಲ್ಲಿ ಹಾಕಿ ಕ್ರಿಮಿ ತೆಗೆಯುವ ಕೋಣೆಯ ನರ್ಸು. ಎರಡು ದಿನದ ರಜೆ ಸಿಕ್ಕಿತ್ತು. ಮೈಯ ನೀರು ಬತ್ತಿದೆಯೇ ಎಂದು ಪುಟ್ಟಿಯ ನಾಲಿಗೆ ನೋಡಿದಳು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು ನೋಡಿದಳು. ಓಆರ್‌ಎಸ್ ಪುಡಿ ನೀರಿನಲ್ಲಿ ಕಲಸಿ ಚಮಚದಲ್ಲಿ ಕುಡಿಸುತ್ತಾ ಕೇಳಿದಳು.

"ಅಮ್ಮಾ, ನಿನ್ನೆ ಅನ್ನ ಎಷ್ಟೊತ್ತಿಗೆ ಮಾಡಿದ್ದು?"

"ಬೆಳಿಗ್ಗೆ ಎಂಟಕ್ಕೆ."

"ಮಗು ತಿಂದದ್ದು?"

"ಸಂಜೆ ಆರಕ್ಕೆ. ನೀನು ಪೊಲೀಸರ ಥರ ಕೇಳ್ಬೇಡ. ಹಾಗೇ ಕೊಟ್ಟಿಲ್ಲ, ಒಲೆ ಮೇಲಿಟ್ಟು ಹಬೆ ಬರೋ ತನಕ ಬಿಸಿ ಮಾಡಿಯೇ ಕೊಟ್ಟೆ. ಬೆಂಕಿಗೆ ಬದುಕೋ ಕ್ರಿಮಿ ಯಾವುದಿದೆ?"

"ಇದೆ ಅಮ್ಮಾ."

ಹೊಲಿಯುತ್ತಿದ್ದ ಅಜ್ಜಿ ಸೂಜಿ ನಿಲ್ಲಿಸಿದರು.

"ನಮ್ಮಲ್ಲಿ ಕತ್ತರಿ, ಚಾಕು ಬರೀ ನೀರಲ್ಲಿ ಕುದಿಸಿದ್ರೆ ಒಪ್ಪಲ್ಲ," ಎಂದಳು ಮಗಳು. "ಕೆಲವು ಕ್ರಿಮಿಗಳು ಕಷ್ಟ ಬಂದ್ರೆ ಗಟ್ಟಿ ಕವಚ ಹಾಕ್ಕೊಂಡು ಮುದುಡಿ ಮಲಗಿಬಿಡ್ತವೆ. ಬೀಜಾಣು ಅಂತೀವಿ. ಕುದಿಯೋ ನೀರಲ್ಲೂ ಎಷ್ಟೋ ಬೀಜಾಣು ಸಾಯಲ್ಲ. ಅದಕ್ಕೇ ನಾವು ಒತ್ತಡ ಹಾಕಿ, ಹಬೆಯನ್ನ ನೂರಿಪ್ಪತ್ತೊಂದು ಡಿಗ್ರಿಗೆ ಏರಿಸೋದು. ಯಂತ್ರ ಸರಿಯಾಗಿದೆಯಾ ಅಂತ ನೋಡೋಕೆ ಒಳಗೆ ಬೇಕಂತಲೇ ಒಂದು ಸಣ್ಣ ಶೀಶೆ ಬೀಜಾಣು ಇಡ್ತೀವಿ. ಅವು ಸತ್ತಿದ್ರೆ ಮಿಕ್ಕವೂ ಸತ್ತಿವೆ ಅಂತ ಲೆಕ್ಕ."

"ಹಾಗಾದ್ರೆ ಆ ಯಂತ್ರ ಹೊತ್ಕೊಂಡು ಬಾ, ಅನ್ನ ಅದರಲ್ಲೇ ಮಾಡೋಣ," ಎಂದರು ಅಜ್ಜಿ.

ಓಆರ್‌ಎಸ್ ಕುಡಿಯುತ್ತಿದ್ದ ಪುಟ್ಟಿಗೂ ನಗು ಬಂತು.

"ಯಂತ್ರ ಬೇಡಮ್ಮಾ. ಅಕ್ಕಿಯಲ್ಲಿ ಬೀಜಾಣು ಇದ್ದೇ ಇರ್ತವೆ, ಮಣ್ಣಿಂದ ಬಂದಿರ್ತವೆ. ಮಲಗಿದ್ರೆ ಮಲಗಿರ್ಲಿ. ಅವನ್ನ ಎಬ್ಬಿಸಬಾರದು, ಅಷ್ಟೇ."

"ನಾನೆಲ್ಲಿ ಎಬ್ಬಿಸಿದೆ?"

"ಸಂಜೆ ತೋರಿಸ್ತೀನಿ," ಎಂದಳು ಮಗಳು. ಆ ದಿನವೂ ಕೆಲಸದ ಅವಸರವಿತ್ತು. ಅನ್ನದ ಪಾತ್ರೆ ಎಂದಿನಂತೆ ರಜಾಯಿ ಹೊದ್ದು ಮೂಲೆಯಲ್ಲಿ ಕೂತಿತ್ತು. ಸಂಜೆ ಐದಕ್ಕೆ ಅವಳು ರಜಾಯಿ ಬಿಚ್ಚಿ ಅಮ್ಮನ ಕೈ ಹಿಡಿದು ಪಾತ್ರೆಯ ಮೇಲಿಟ್ಟಳು.

"ಹೇಗಿದೆ?"

"ಹಿತವಾಗಿ ಬೆಚ್ಚಗಿದೆ. ನನ್ನ ಕೈಕೆಲಸ ಅದು."

"ಹೆಸರುಕಾಳು ಮೊಳಕೆ ಕಟ್ಟೋವಾಗ ಏನು ಮಾಡ್ತೀಯ?"

"ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಬೆಚ್ಚಗಿರೋ ಕಡೆ..."

ಅಜ್ಜಿಯ ಕೈ ಇನ್ನೂ ಪಾತ್ರೆಯ ಮೇಲಿತ್ತು. ಒದ್ದೆ ಅನ್ನ. ಸುತ್ತಿದ ಬಟ್ಟೆ. ಹಿತವಾದ ಬಿಸುಪು.

"ಮೊಳಕೆ ಒಡೀತವಾ ಅವು?" ಮೆಲ್ಲಗೆ ಕೇಳಿದರು.

"ಸುಮಾರಾಗಿ ಹಾಗೇ. ಬೀಜಾಣು ಕವಚ ಬಿಟ್ಟು ಎದ್ದು, ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೀತವೆ. ಅನ್ನದಲ್ಲಿ ವಿಷ ಬಿಡ್ತವೆ. ವಾಸನೆ ಬರಲ್ಲ, ರುಚಿ ಕೆಡಲ್ಲ. ಆಮೇಲೆ ನೀನು ಎಷ್ಟೇ ಬಿಸಿ ಮಾಡು, ಕ್ರಿಮಿ ಸಾಯಬಹುದು, ಆ ವಿಷ ಹೋಗಲ್ಲ."

"ನಾನೂ ತಿಂದೆನಲ್ಲೇ? ನನಗೇನಾಯ್ತು?"

"ಮೊನ್ನೆ ಹೊಟ್ಟೆ ತೊಳಸ್ತಿದೆ, ಗ್ಯಾಸು ಅಂತ ಫೋನ್ ಮಾಡಿದ್ದು ಯಾರು?"

ಅಜ್ಜಿ ಮತ್ತೆ ಹೊಲಿಗೆಗೆ ಕೂತರು. ಆದರೆ ದಾರ ಸೂಜಿಗೆ ಹೋಗಲಿಲ್ಲ. ಅವರಿಗೆ ತಾರೀಖು ನೆನಪಿರುವುದಿಲ್ಲ, ಹೊಲಿದ ರಜಾಯಿ ನೆನಪಿರುತ್ತದೆ. ಪುಟ್ಟಿ ಮೊದಲ ಸಲ ವಾಂತಿ ಮಾಡಿದಾಗ ಮಡಿಲಲ್ಲಿದ್ದದ್ದು ನೀಲಿ ರಜಾಯಿ. ಮದುವೆ ಮನೆಯವರದು, ಸಂಜೆಯೊಳಗೆ ಮುಗಿಸಬೇಕಿತ್ತು. ಗ್ಲೂಕೋಸ್ ಹಾಕಿಸಿದ ಸಲ ಪಟ್ಟೆಪಟ್ಟೆಯದು, ಅದಕ್ಕೂ ಅವಸರವಿತ್ತು. ನಿನ್ನೆ ಈ ಹೂವಿನದು. ಮೂರೂ ದಿನ ಅನ್ನ ಬೆಳಿಗ್ಗೆಯದೇ. ಪಾತ್ರೆಗೆ ರಜಾಯಿ ಸುತ್ತಿದ ದಿನಗಳೇ.

ಈ ಲೆಕ್ಕವನ್ನು ಯಾರೂ ಅವರಿಗೆ ಹೇಳಿಕೊಡಲಿಲ್ಲ, ಅವರೇ ಕಂಡುಕೊಂಡರು. ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಕೆಲಸದಿಂದ ಬಂದ ಸೊಸೆ ಚಪ್ಪಲಿ ಬಿಡುತ್ತಿದ್ದಳು. ಅಜ್ಜಿ ಎದ್ದು ಹೋಗಿ ಅವಳ ಮುಂದೆ ನಿಂತರು.

"ಊಟದ್ದೇ ತಪ್ಪು ಕಣಮ್ಮಾ. ಬೆಚ್ಚಗಿರ್ಲಿ ಅಂತ ನಾನೇ ಹೊದಿಸಿ ಹೊದಿಸಿ..."

ಸೊಸೆ ಗಾಬರಿಯಾಗಿ ಅವರ ಕೈ ಹಿಡಿದಳು. ನಾದಿನಿ ಎಲ್ಲವನ್ನೂ ವಿವರಿಸಿದಳು.

"ನಾನೂ ನೋಡಿದ್ದೆ ಅಲ್ವಾ ಅತ್ತೆ, ಆ ಪಾತ್ರೇನ? ದಿನಾ ನೋಡ್ತಿದ್ದೆ. ನನಗೂ ಗೊತ್ತಿರ್ಲಿಲ್ಲ," ಎಂದಳು ಸೊಸೆ.

ಆ ಅನ್ನವನ್ನು ಅಜ್ಜಿಯೇ ಚೆಲ್ಲಿದರು. ಚೆಲ್ಲುವಾಗ ಜೀವ ಚುರ್ ಎಂದಿತು, ಆದರೂ ಚೆಲ್ಲಿದರು. ಆಮೇಲೆ ಸೊಸೆ ಅಂದಿನ ಊಟಕ್ಕೆ ಬೇಕಾದಷ್ಟೇ ಅಕ್ಕಿ ತೊಳೆದಳು.

"ಸಂಜೆ ಅನ್ನ ಇನ್ನು ನನಗೆ ಬಿಡಿ ಅತ್ತೆ. ಬಂದ ಕೂಡ್ಲೇ ಇಡ್ತೀನಿ, ಅರ್ಧ ಗಂಟೆ ಕೆಲಸ."

"ಮಿಕ್ಕಿದ್ರೆ?" ಅಜ್ಜಿ ಮಗಳತ್ತ ನೋಡಿದರು.

"ಅಗಲವಾದ ತಟ್ಟೆಗೆ ತೆಳ್ಳಗೆ ಹರಡು. ಬೇಗ ಆರುತ್ತೆ. ಗಂಟೆಯೊಳಗೆ ಮುಚ್ಚಿ ಫ್ರಿಜ್ಜಿಗಿಡು. ಮರುದಿನ ಒಂದೇ ಸಲ, ಪೂರ್ತಿ ಹಬೆಯಾಡೋ ಹಾಗೆ ಬಿಸಿ ಮಾಡಿ ಮುಗಿಸಿಬಿಡು."

"ಫ್ರಿಜ್ಜಲ್ಲಿ ನಿಮ್ಮಣ್ಣನ ನೀರಿನ ಬಾಟ್ಲಿ ಬಿಟ್ಟು ಬೇರೆ ಜಾಗ ಎಲ್ಲಿದೆ?"

"ಬಾಟ್ಲಿ ಆಚೆ ಇಡು. ಹೊರಗಿಟ್ರೆ ನೀರು ಹಳಸಲ್ಲ."

ಪುಟ್ಟಿ ಅಮ್ಮನ ತವರಿಗೆ ಹೋಗಲಿಲ್ಲ. ಎರಡು ತಿಂಗಳಾಯಿತು, ಅಜ್ಜಿ ಒಂಬತ್ತು ರಜಾಯಿ ಹೊಲಿದು ಕೊಟ್ಟರು; ಅವುಗಳಲ್ಲಿ ಒಂದರ ಜೊತೆಗೂ ವಾಂತಿಯ ನೆನಪಿಲ್ಲ. ಪಾತ್ರೆಯ ಪುಟ್ಟ ರಜಾಯಿಯನ್ನು ಬಿಚ್ಚಿ, ಒಗೆದು, ಹೊಸ ಅಂಚು ಕೊಟ್ಟು ಮೊಮ್ಮಗಳ ಕಾಲಿಗೆ ಹೊದಿಸಿದ್ದಾರೆ. ಈಗ ಬೆನ್ನು ನೀವಿದರೆ ಮೂಳೆಗಳನ್ನು ಹುಡುಕಬೇಕು.

ಇದನ್ನು ಓದುತ್ತಿರುವ ಅಕ್ಕ, ತಂಗಿ, ಅಮ್ಮ, ನಿಮ್ಮ ಅಡುಗೆಮನೆಗೆ ಒಮ್ಮೆ ಹೋಗಿ ಬನ್ನಿ. ಬೆಳಿಗ್ಗೆ ಮಾಡಿದ ಅನ್ನದ ಪಾತ್ರೆಯ ಮೇಲೆ ಕೈ ಇಡಿ. ಕೈಗೆ ಹಿತವಾಗಿ ಬೆಚ್ಚಗಿದ್ದರೆ ಬೀಜಾಣುಗಳಿಗೂ ಹಿತವಾಗಿದೆ ಎಂದು ತಿಳಿಯಿರಿ. ಊಟ ಬಿಸಿಬಿಸಿಯಾಗಿರಲಿ, ಇಲ್ಲವೇ ಬೇಗ ತಣ್ಣಗಾಗಲಿ. ನಡುವೆ ಗಂಟೆಗಟ್ಟಲೆ ಕೂರಿಸಬೇಡಿ. ಫ್ರಿಜ್ ಇಲ್ಲದಿದ್ದರೆ ಒಂದು ಹಿಡಿ ಅಕ್ಕಿ ಕಡಿಮೆ ಹಾಕಿ. ಹೊರಗೆ ಉಳಿದದ್ದನ್ನು "ಮತ್ತೆ ಕುದಿಸಿದರಾಯಿತು" ಎಂದು ಮಗುವಿಗೆ ಬಡಿಸಬೇಡಿ. ಮಗು ಕುಡಿದ ನೀರೂ ನಿಲ್ಲದಷ್ಟು ವಾಂತಿ ಮಾಡಿದರೆ, ಮಂಕಾದರೆ, ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಬೆಚ್ಚಗೆ ಹೊದಿಸಬೇಕಾದದ್ದು ಮಕ್ಕಳನ್ನು. ಅನ್ನವನ್ನಲ್ಲ.